ಹೊಲದಲ್ಲೇ ಉದ್ಯಮಿಯನ್ನು ಕಂಡ ಪಾಲಿ ಹಿಲ್

ನಮ್ಮ ಪತ್ರಿಕೆಗಳು ‘ಉದ್ಯಮಿ’ ಅನ್ನುವ ಪದವನ್ನು ಯಾರಿಗೆ ಬಳಸುತ್ತವೆ, ಸ್ವಲ್ಪ ಗಮನಿಸಿ. ಬೆಂಗಳೂರಿನಲ್ಲಿ ಆ್ಯಪ್ ಮಾಡಿದವರು ಉದ್ಯಮಿ. ಹೊರದೇಶದ ಬಂಡವಾಳ ತಂದವರು ಉದ್ಯಮಿ. ಹತ್ತು ಎಕರೆ ಲೀಜಿಗೆ ಹಿಡಿದು, ಗೊಬ್ಬರ-ಔಷಧಿಗೆ ಅಂಗಡಿಯಲ್ಲಿ ಉದ್ರಿ ಹೇಳಿ, ಸುಗ್ಗಿಗೆ ದರ ಏನಾಗುತ್ತದೋ ಎಂದು ಕಾಯುವವನು ಮಾತ್ರ ಬರೀ ರೈತ. ಬೆಳೆ ಹಾಳಾದಾಗ ಇಲ್ಲವೇ ಪ್ರಾಣ ಕಳೆದುಕೊಂಡಾಗ ಅವನು ಸುದ್ದಿಯಾಗುತ್ತಾನೆ.

ಈ ವಿಂಗಡಣೆ ತಪ್ಪು ಎಂದು ಅರವತ್ತು ವರ್ಷದ ಹಿಂದೆಯೇ ಪುರಾವೆ ಸಮೇತ ತೋರಿಸಿದವರು ಪಾಲಿ ಹಿಲ್. 1914ರಲ್ಲಿ ಕೇಂಬ್ರಿಜ್‌ನಲ್ಲಿ ಹುಟ್ಟಿದರು. ತಂದೆ ನೊಬೆಲ್ ಪಡೆದ ವಿಜ್ಞಾನಿ ಎ.ವಿ. ಹಿಲ್, ಸೋದರಮಾವ ಅರ್ಥಶಾಸ್ತ್ರಜ್ಞ ಕೇನ್ಸ್. ಇಷ್ಟು ದೊಡ್ಡ ಮನೆತನವಿದ್ದರೂ ಅವರ ವೃತ್ತಿ ಬದುಕು ನೇರ ದಾರಿ ಹಿಡಿಯಲಿಲ್ಲ. ಅರ್ಥಶಾಸ್ತ್ರದ ಪದವಿ, ಆಮೇಲೆ ಸರ್ಕಾರಿ ಕಚೇರಿಯಲ್ಲಿ ಹತ್ತಕ್ಕೂ ಹೆಚ್ಚು ವರ್ಷ, ಆಮೇಲೆ ‘ವೆಸ್ಟ್ ಆಫ್ರಿಕಾ’ ಎಂಬ ವಾರಪತ್ರಿಕೆಯಲ್ಲಿ ವರದಿಗಾರಿಕೆ. ಅಲ್ಲಿಂದ ಘಾನಾದ ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆಂದು ಹೋದರು. ಪಿಎಚ್‌ಡಿ ಸಿಕ್ಕಿದ್ದು ಐವತ್ತು ದಾಟಿದ ಮೇಲೆ, ಅದೂ ಮಾನವಶಾಸ್ತ್ರದಲ್ಲಿ. ಡಿಪ್ಲೊಮಾ ಹಿಡಿದು ತಾಲ್ಲೂಕು ಸುತ್ತುವ ನಮ್ಮಂಥವರಿಗೆ ಇವರು ದೂರದವರಲ್ಲ.

ಆಗ ಗೋಲ್ಡ್ ಕೋಸ್ಟ್ ಎನ್ನುತ್ತಿದ್ದ ಘಾನಾ 1911ರ ಹೊತ್ತಿಗೆ ಜಗತ್ತಿನಲ್ಲೇ ಅತಿ ಹೆಚ್ಚು ಕೋಕೋ ಬೆಳೆಯುವ ನಾಡಾಗಿತ್ತು. ಇಪ್ಪತ್ತು ವರ್ಷದ ಹಿಂದೆ ಅಲ್ಲಿಂದ ಕೋಕೋ ರಫ್ತು ಆಗುತ್ತಿದ್ದುದೇ ನಾಮಕಾವಸ್ತೆಗೆ. ಇದು ಹೇಗಾಯಿತು? ತಮ್ಮೂರಿನ ಪಕ್ಕದಲ್ಲಿ ಒಂದೆರಡು ಎಕರೆ ಹಾಕಿಕೊಂಡ ಸಣ್ಣ ರೈತರಿಂದ ತಾನಾಗಿಯೇ ಆಯಿತು ಎಂದು ಅಧಿಕಾರಿಗಳು ನಂಬಿದ್ದರು. ಹಿಲ್ ಕೂಡ ಮೊದಲು ಪ್ರಶ್ನಾವಳಿ ಹಿಡಿದು ಸಮೀಕ್ಷೆ ಮಾಡಿ, 1956ರಲ್ಲಿ ಒಂದು ಪುಸ್ತಕ ಬರೆದರು. ಅಲ್ಲಿಗೇ ಬಿಡಲಿಲ್ಲ. ಹೊಲದ ನಕ್ಷೆ ಹಿಡಿದು, ಈ ಜಮೀನನ್ನು ಯಾರು, ಯಾವಾಗ, ಯಾವ ದುಡ್ಡಿನಲ್ಲಿ ಕೊಂಡರು ಎಂದು ಮುದುಕರನ್ನು ಕೇಳುತ್ತಾ ಹೋದರು.

ಸಿಕ್ಕ ಉತ್ತರವೇ ಬೇರೆ. ಅಕ್ವಾಪಿಮ್ ಗುಡ್ಡದ ಸಾಲಿನ ರೈತರು ತಾಳೆ ಎಣ್ಣೆ, ರಬ್ಬರ್ ವ್ಯಾಪಾರದಲ್ಲಿ ಕೂಡಿಟ್ಟ ಹಣದಿಂದ, ಜನ ವಿರಳವಾಗಿದ್ದ ಕಾಡುಸೀಮೆಗೆ ಹೋಗಿ ಅಲ್ಲಿನ ಅರಸರಿಂದ ಜಮೀನು ಕೊಂಡಿದ್ದರು. ಕೆಲವರು ಗುಂಪು ಕಟ್ಟಿಕೊಂಡು, ಅದಕ್ಕೆ ‘ಕಂಪನಿ’ ಎಂದೇ ಕರೆದು, ದೊಡ್ಡ ತುಂಡು ಖರೀದಿಸಿ, ಹಾಕಿದ ಹಣಕ್ಕೆ ತಕ್ಕಂತೆ ಪಟ್ಟಿ ಪಟ್ಟಿಯಾಗಿ ಹಂಚಿಕೊಂಡರು. ಮೊದಲ ತೋಟದ ಲಾಭ ಎರಡನೆಯ ಜಮೀನಿಗೆ ಹೋಯಿತು. ನದಿ ದಾಟಲು ಸ್ವಂತ ಖರ್ಚಿನಲ್ಲಿ ಸೇತುವೆ ಕಟ್ಟಿಸಿದರು. ವರ್ಷಗಟ್ಟಲೆ ಫಲ ಕೊಡದ ಗಿಡಕ್ಕೆ ಹಣ ಹೂಡುವವನನ್ನು ಬಂಡವಾಳಗಾರ ಎನ್ನದೆ ಏನೆನ್ನಬೇಕು ಎನ್ನುವುದು ಹಿಲ್ ವಾದ. 1963ರ ಅವರ ಪುಸ್ತಕದ ಉಪಶೀರ್ಷಿಕೆಯೇ ‘ಗ್ರಾಮೀಣ ಬಂಡವಾಳಶಾಹಿಯ ಅಧ್ಯಯನ’. ಅಂತರರಾಷ್ಟ್ರೀಯ ವ್ಯಾಪಾರದ ಬೇರು ಲಂಡನ್ನಿನ ಕಂಪನಿಯಲ್ಲಷ್ಟೇ ಅಲ್ಲ, ಹಳ್ಳಿಯವನ ಲೆಕ್ಕಾಚಾರದಲ್ಲೂ ಇತ್ತು.

ಸಿಂಧನೂರು, ಗಂಗಾವತಿ ಕಡೆಯ ‘ಕ್ಯಾಂಪ್’ಗಳನ್ನು ನೋಡಿದವರಿಗೆ ಈ ಕಥೆ ಹೊಸದೆನಿಸದು. ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಅಲ್ಲಿನ ಸ್ವಲ್ಪ ಜಮೀನು ಮಾರಿ, ಇಲ್ಲಿ ಹೆಚ್ಚು ಕೊಂಡು, ಭತ್ತ ಹಾಕಿದರು. ಅದರ ಹಿಂದೆಯೇ ರೈಸ್ ಮಿಲ್ಲುಗಳು ಎದ್ದವು. ಆದರೆ ಇದನ್ನು ಬರೀ ಸಾಹಸಗಾಥೆ ಮಾಡಿದರೂ ಸುಳ್ಳಾಗುತ್ತದೆ. ಅಗ್ಗಕ್ಕೆ ಹೊಲ ಕೊಟ್ಟು, ಅದೇ ಹೊಲಕ್ಕೆ ಕೂಲಿಗೆ ಹೋದವರೂ ಇದ್ದಾರೆ. ಉದ್ಯಮಿ ಎಂದು ಕರೆದ ಮೇಲೆ, ಅವನ ಗಳಿಕೆಯಲ್ಲಿ ಯಾರ ಪಾಲು ಹೋಯಿತು ಎಂದೂ ಕೇಳಬೇಕು.

ಹಿಲ್ ಆ ಪ್ರಶ್ನೆ ಬಿಡಲಿಲ್ಲ. 1970ರ ದಶಕದ ಕೊನೆಗೆ ಅವರು ನಮ್ಮ ರಾಜ್ಯಕ್ಕೇ ಬಂದು ಆನೇಕಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಕೆಲಸ ಮಾಡಿದರು. ರಾಗಿ ಬೆಳೆಯುವ ಅಲ್ಲಿನ ಮನೆತನಗಳನ್ನು ನೈಜೀರಿಯಾದ ಹೌಸಾ ಸೀಮೆಯ ಮನೆತನಗಳ ಜತೆ ಹೋಲಿಸಿ 1982ರಲ್ಲಿ ಪುಸ್ತಕ ತಂದರು. ಹಳ್ಳಿಯೊಳಗಿನ ಅಸಮಾನತೆಯೇ ಅದರ ಮುಖ್ಯ ವಿಷಯ. 1986ರ ಇನ್ನೊಂದು ಪುಸ್ತಕದಲ್ಲಿ ಅಭಿವೃದ್ಧಿ ಅರ್ಥಶಾಸ್ತ್ರವನ್ನೇ ಕಟಕಟೆಗೆ ಹತ್ತಿಸಿದರು. ಗ್ರಾಮೀಣ ಅಂಕಿಅಂಶಗಳು ಎಷ್ಟು ಕಳಪೆ ಎಂಬುದಕ್ಕೆ ಅದರಲ್ಲಿ ದಕ್ಷಿಣ ಭಾರತದ ಉದಾಹರಣೆಗಳಿವೆ. ಸಾಲವನ್ನು ರೋಗವೆಂದು ನೋಡಬೇಡಿ, ಕೊಡುವ-ಪಡೆಯುವ ವ್ಯವಹಾರದಿಂದಲೇ ಹಳ್ಳಿ ನಡೆಯುತ್ತದೆ, ಸಾಲವೇ ಹುಟ್ಟದವನು ನಿಜವಾದ ಬಡವ ಎಂಬ ವಾದವೂ ಅದರಲ್ಲಿದೆ.

ಇದನ್ನೆಲ್ಲ ಈಗ ಹೇಳುವುದಕ್ಕೆ ಕಾರಣವಿದೆ. ನಮ್ಮ ರಾಜ್ಯದಲ್ಲಿ ಕೃಷಿ ಜಮೀನನ್ನು ಲೀಜಿಗೆ ಕೊಡುವುದು, ಕೆಲವು ವಿನಾಯಿತಿ ಬಿಟ್ಟರೆ, 1974ರ ಭೂಸುಧಾರಣೆಯಿಂದ ನಿಷಿದ್ಧ. ಉಳುವವನಿಗೆ ಭೂಮಿ ಸಿಗಲಿ ಎಂದು ಬಂದ ಕಾನೂನು ಅದು. ಅದರ ಉಪಕಾರ ಮರೆಯುವಂತಿಲ್ಲ. ಆದರೆ ಲೀಜು ನಿಂತಿಲ್ಲ, ಬಾಯಿಮಾತಿಗೆ ಇಳಿದಿದೆ. ಪಹಣಿಯಲ್ಲಿ ಒಬ್ಬರ ಹೆಸರು, ಹೊಲದಲ್ಲಿ ಇನ್ನೊಬ್ಬ. ಮಳೆ ಕೈಕೊಟ್ಟರೆ ಪರಿಹಾರ ಮಾಲೀಕನ ಖಾತೆಗೆ ಹೋಗುತ್ತದೆ. ಬ್ಯಾಂಕಿನ ಬೆಳೆ ಸಾಲವೂ ಅವನಿಗೇ. ಬಂಡವಾಳ ಹಾಕಿ ಅಪಾಯ ಹೊತ್ತವನಿಗೆ ಉಳಿಯುವುದು ಅಂಗಡಿಯ ಉದ್ರಿ ಚೀಟಿ ಮಾತ್ರ. ಹೊಸ ಕಂಪನಿ ಕಟ್ಟುವವರ ಅಪಾಯಕ್ಕೆ ನೀತಿಯಿದೆ, ನಿಧಿಯಿದೆ. ಇವನ ಅಪಾಯಕ್ಕೆ ಒಂದು ಕಾಲಂ ಕೂಡ ಇಲ್ಲ.

ಮಾಡಬೇಕಾದದ್ದು ಬಹಳ ದೊಡ್ಡದೇನಲ್ಲ. ಬೆಳೆ ಸಮೀಕ್ಷೆಯಲ್ಲಿ ಆ ವರ್ಷ ಸಾಗುವಳಿ ಮಾಡಿದವರ ಹೆಸರಿಗೊಂದು ಜಾಗವಿರಲಿ. ಹೆಸರು ಬರೆಸಿದರೆ ಗೇಣಿದಾರನಾಗಿ ಜಮೀನು ಕೇಳಿಬಿಡುತ್ತಾನೆ ಎಂಬ ಹೆದರಿಕೆ ಮಾಲೀಕರಿಗಿರುವುದು ಸಹಜ. ಆ ನಮೂದು ಪರಿಹಾರ ಮತ್ತು ಸಾಲಕ್ಕೆ ಮಾತ್ರ, ಹಕ್ಕಿಗಲ್ಲ ಎಂದು ಕಾನೂನಿನಲ್ಲೇ ಬಿಡಿಸಿ ಬರೆದರೆ ಇಬ್ಬರಿಗೂ ಬದುಕು.

ಸರ್ಕಾರ ಮಾಡುವ ತನಕ ನಾವು ಕಾಯಬೇಕಿಲ್ಲ. ಬೆಳೆ ಹಾನಿಯ ಅಂಕಿ ಇಲಾಖೆಯಿಂದ ವಾಟ್ಸ್‌ಆ್ಯಪ್‌ಗೆ ಬಂದಾಗ ಹಾಗೇ ಡೆಸ್ಕಿಗೆ ಕಳಿಸಿ ಕೈತೊಳೆದುಕೊಳ್ಳುವ ಬದಲು, ಒಂದು ಹೊಲಕ್ಕಾದರೂ ಹೋಗಿ ಕೇಳೋಣ: ಜಮೀನು ಯಾರದು, ಬೀಜದ ದುಡ್ಡು ಯಾರದು, ಲಾಭ ಬಂದರೆ ಯಾರಿಗೆಷ್ಟು, ನಷ್ಟವಾದರೆ ಯಾರಿಗೆ? ಪಾಲಿ ಹಿಲ್ ಜೀವನವಿಡೀ ಕೇಳಿದ್ದು ಹೆಚ್ಚುಕಡಿಮೆ ಇವನ್ನೇ. ಕೇಳುವುದಕ್ಕೆ ಪಿಎಚ್‌ಡಿ ಬೇಕಿಲ್ಲ, ಬೈಕಿಗೆ ಒಂದು ಲೀಟರ್ ಪೆಟ್ರೋಲ್ ಸಾಕು.