ನೋವು ಹೋಯಿತೆಂದರೆ ಮೂಳೆ ಕೂಡಿತೇ? ಕ್ಲಬ್ಬು, ದೇಶ ಮತ್ತು ಒಂದು ಸಣ್ಣ ಬಿರುಕಿನ ಕತೆ

2014ರ ಜೂನ್ 15ರಂದು ಅಮೆರಿಕದ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡ ಮಯಾಮಿ ಹೀಟ್ ತಂಡವನ್ನು ಸೋಲಿಸಿ ಎನ್‌ಬಿಎ ಬಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದಿತು. ಆ ತಂಡದ ಹಿರಿಯ ಆಟಗಾರ, ಅರ್ಜೆಂಟೀನಾದ ಮನು ಜಿನೋಬಿಲಿಗೆ ಇನ್ನೇನು 37 ತುಂಬುವುದರಲ್ಲಿತ್ತು. ಸಂಭ್ರಮ ಮುಗಿದ ಮೇಲೆ ಅವರ ಬಲಗಾಲಿನ ಮೂಳೆಯಲ್ಲಿ ಬಿರುಕು ಪತ್ತೆಯಾಯಿತು. ಆಗಸ್ಟ್ 30ರಿಂದ ಸ್ಪೇನ್‌ನಲ್ಲಿ ವಿಶ್ವಕಪ್ ಇತ್ತು. ದೇಶದ ಪರವಾಗಿ ಆಡಬೇಕೆಂಬುದು ಜಿನೋಬಿಲಿಯ ಆಸೆಯಾಗಿತ್ತು. ಆದರೆ ಸಂಬಳ ಕೊಡುವ ಕ್ಲಬ್ಬು ಒಪ್ಪಲಿಲ್ಲ. ಕೊನೆಗೆ ಅವರು ಹೋಗಲಿಲ್ಲ. ತಮ್ಮ ಬೇಸರವನ್ನು ಬಹಿರಂಗವಾಗಿಯೇ ಹೇಳಿಕೊಂಡರು.

ಇಂಥ ಸುದ್ದಿ ಬಂದಾಗಲೆಲ್ಲ ನಾವು ಎರಡು ಗುಂಪಾಗುತ್ತೇವೆ. "ದೇಶಕ್ಕಿಂತ ದುಡ್ಡೇ ಹೆಚ್ಚಾಯಿತೇ?" ಎನ್ನುವವರು ಒಂದು ಕಡೆ. "ವಯಸ್ಸಾಯಿತಲ್ಲ, ಇನ್ನು ಮೂಳೆ ಎಲ್ಲಿ ಕೂಡುತ್ತದೆ" ಎನ್ನುವವರು ಇನ್ನೊಂದು ಕಡೆ. ಎರಡೂ ಮಾತುಗಳಲ್ಲಿ ತಪ್ಪು ತಿಳಿವಳಿಕೆ ಇದೆ. ಆ ಬಿರುಕು ಎಂಥದ್ದು, ಅದು ವಾಸಿಯಾಗುವುದು ಹೇಗೆ, ಆಡಬೇಕೋ ಬೇಡವೋ ಎಂದು ಯಾರು ಹೇಳಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಬೀಳದೆಯೂ ಮೂಳೆ ಮುರಿಯುತ್ತದೆ

ಮೂಳೆ ಮುರಿಯಿತು ಎಂದ ಕೂಡಲೇ ನಮಗೆ ನೆನಪಾಗುವುದು ಬೈಕಿನಿಂದ ಬಿದ್ದದ್ದು, ಬಚ್ಚಲಲ್ಲಿ ಜಾರಿದ್ದು. ಜಿನೋಬಿಲಿಗೆ ಆಗಿದ್ದು ಅದಲ್ಲ. ಅದು ಸ್ಟ್ರೆಸ್ ಫ್ರಾಕ್ಚರ್, ಅಂದರೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಿದ್ದ ಸಣ್ಣ ಹೊಡೆತಗಳಿಂದ ಉಂಟಾಗುವ ಬಿರುಕು. ತಂತಿಯನ್ನು ಒಮ್ಮೆ ಬಗ್ಗಿಸಿದರೆ ತುಂಡಾಗುವುದಿಲ್ಲ, ಅಲ್ಲೇ ಹತ್ತಾರು ಸಲ ಬಗ್ಗಿಸಿದರೆ ತುಂಡಾಗುತ್ತದೆ. ಹೆಚ್ಚುಕಡಿಮೆ ಹಾಗೆಯೇ ಇದು. 1855ರಲ್ಲೇ ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹೌಪ್ಟ್, ದೂರ ದೂರ ನಡೆದ ಸೈನಿಕರ ಪಾದಗಳಲ್ಲಿ ಕಾಣಿಸುವ ನೋವು ಮತ್ತು ಊತವನ್ನು ವಿವರಿಸಿದ್ದರು. ಅದಕ್ಕೆ ಕಾರಣ ಮೂಳೆಯ ಬಿರುಕು ಎಂದು ತಿಳಿದದ್ದು ಎಕ್ಸ್-ರೇ ಬಂದ ಮೇಲೆ.

ಆದರೆ ಮೂಳೆ ತಂತಿಯಂತೆ ಜಡವಲ್ಲ, ಜೀವಂತವಾಗಿದೆ. ಭಾರ ಬಿದ್ದ ಕಡೆ ಒಂದು ಬಗೆಯ ಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತವೆ, ಇನ್ನೊಂದು ಬಗೆಯ ಕೋಶಗಳು ಹೊಸದನ್ನು ಕಟ್ಟುತ್ತವೆ. ಕೆಡವುವ ಕೆಲಸಕ್ಕೆ ಕೆಲವು ವಾರ ಸಾಕು, ಕಟ್ಟುವುದಕ್ಕೆ ತಿಂಗಳುಗಳೇ ಬೇಕು. ಮನೆ ರಿಪೇರಿ ಮಾಡಿಸಿದವರಿಗೆ ಇದು ಗೊತ್ತು: ಗೋಡೆ ಒಡೆದು, ಹೊಸ ಗೋಡೆ ಏಳುವವರೆಗಿನ ದಿನಗಳಲ್ಲೇ ಮನೆ ದುರ್ಬಲ. ಆ ಹೊತ್ತಿನಲ್ಲಿ ಬಿಡುವಿಲ್ಲದೆ ಭಾರ ಬೀಳುತ್ತಲೇ ಇದ್ದರೆ ಬಿರುಕು ಬೆಳೆಯುತ್ತದೆ.

ಯಾವ ಮೂಳೆ ಎಂಬುದೂ ಮುಖ್ಯ. ಮಂಡಿಯ ಕೆಳಗೆ ಎರಡು ಮೂಳೆಗಳಿವೆ. ದಪ್ಪನೆಯದು ಟಿಬಿಯಾ, ಅದರ ಪಕ್ಕದ ತೆಳ್ಳನೆಯದು ಫಿಬ್ಯುಲಾ. ದೇಹದ ಭಾರದ ಹೆಚ್ಚಿನ ಪಾಲನ್ನು ಟಿಬಿಯಾ ಹೊರುತ್ತದೆ. ಜಿನೋಬಿಲಿಯ ಬಿರುಕು ಇದ್ದದ್ದು ಫಿಬ್ಯುಲಾದಲ್ಲಿ. ಇಂಥ ಬಿರುಕು ಸಾಮಾನ್ಯವಾಗಿ ವಿಶ್ರಾಂತಿಯಿಂದಲೇ ಕೂಡಿಕೊಳ್ಳುತ್ತದೆ. ಪಾದದ ನಡುವಿನ ನಾವಿಕ್ಯುಲರ್ ಮೂಳೆಯ ಸಂಗತಿ ಬೇರೆ. ಅದರ ಮಧ್ಯಭಾಗಕ್ಕೆ ರಕ್ತ ಪೂರೈಕೆ ಕಡಿಮೆ, ಹಾಗಾಗಿ ಅಲ್ಲಿ ಬಿರುಕು ಬಿಟ್ಟರೆ ಕೂಡುವುದು ನಿಧಾನ.

ತಪ್ಪು ತಿಳಿವಳಿಕೆ 1: ನೋವಿಲ್ಲದಿದ್ದರೆ ವಾಸಿಯಾದಂತೆ

ನೋವು ಒಂದು ಸೂಚನೆ ಮಾತ್ರ, ಅಳತೆಗೋಲಲ್ಲ. ವಿಶ್ರಾಂತಿ ಕೊಟ್ಟರೆ ನೋವು ಬೇಗನೆ ಇಳಿಯಬಹುದು. ಒಳಗೆ ಹೊಸ ಮೂಳೆ ಗಟ್ಟಿಯಾಗುವ ಕೆಲಸ ಆಗಿನ್ನೂ ನಡೆಯುತ್ತಿರುತ್ತದೆ. ಎಕ್ಸ್-ರೇ ಕೂಡ ಮೋಸ ಮಾಡಬಹುದು. ಮೊದಲ ಎರಡು ಮೂರು ವಾರ ಇಂಥ ಬಿರುಕು ಅದರಲ್ಲಿ ಕಾಣಿಸದೇ ಇರುವುದು ಸಾಮಾನ್ಯ. ಎಂಆರ್‌ಐನಲ್ಲಿ ಬೇಗ ತಿಳಿಯುತ್ತದೆ. ನೋವುನಿವಾರಕ ನುಂಗಿ ಅಂಗಳಕ್ಕೆ ಇಳಿಯುವುದೆಂದರೆ ಸೂಚನೆಯ ಬಾಯಿ ಮುಚ್ಚಿಸಿದಂತೆ, ಬಿರುಕು ಮುಚ್ಚಿದಂತಲ್ಲ.

ಈಗ ಕ್ಯಾಲೆಂಡರ್ ನೋಡೋಣ. ಎನ್‌ಬಿಎ ಫೈನಲ್ ಮುಗಿದ ದಿನದಿಂದ ವಿಶ್ವಕಪ್ ಆರಂಭಕ್ಕೆ 76 ದಿನ, ಅಂದರೆ ಹನ್ನೊಂದು ವಾರಕ್ಕೆ ಒಂದು ದಿನ ಕಡಿಮೆ. ಫಿಬ್ಯುಲಾದ ಬಿರುಕು ಕೂಡಲು ಆರರಿಂದ ಎಂಟು ವಾರ ಎಂಬುದು ರೂಢಿಯ ಲೆಕ್ಕ. ಹನ್ನೊಂದರಲ್ಲಿ ಎಂಟು ಕಳೆದರೆ ಮೂರು ವಾರ ಉಳಿಯುತ್ತದೆ, ಸಾಕಲ್ಲ ಎನ್ನಿಸಬಹುದು. ಆದರೆ ಬಿರುಕು ಪತ್ತೆಯಾದದ್ದು ಫೈನಲ್ ಮುಗಿದ ಮೇಲೆ, ಹಾಗಾಗಿ ನಿಜವಾಗಿ ಉಳಿದದ್ದು ಇನ್ನೂ ಕಡಿಮೆ. ಜೊತೆಗೆ ವಿಶ್ರಾಂತಿಯ ಆ ವಾರಗಳಲ್ಲಿ ಮಾಂಸಖಂಡದ ಬಲವೂ ದಮ್ಮೂ ಇಳಿದಿರುತ್ತವೆ. ಕೂಡಿದ ಮೂಳೆಗೆ ಮೊದಲು ನಡಿಗೆ, ಆಮೇಲೆ ಓಟ, ಆಮೇಲೆ ಜಿಗಿತ ಎಂದು ಹಂತ ಹಂತವಾಗಿ ಭಾರ ಕಲಿಸಬೇಕು. ವಿಶ್ವಕಪ್ಪಿನಲ್ಲಿ ಗುಂಪಿನ ಹಂತದಲ್ಲೇ ಅರ್ಜೆಂಟೀನಾಕ್ಕೆ 6 ದಿನಗಳಲ್ಲಿ 5 ಪಂದ್ಯಗಳಿದ್ದವು. ಆಗಸ್ಟ್ 30ರ ಹೊತ್ತಿಗೆ ಮೂಳೆ ಕೂಡಿರಬಹುದಿತ್ತು, ಆದರೆ ಆ ಮಟ್ಟದ ಆಟಕ್ಕೆ ಕಾಲು ಸಿದ್ಧವಾಗಿರುವ ಸಾಧ್ಯತೆ ಕಡಿಮೆಯಿತ್ತು. ಇವು ಎರಡು ಬೇರೆ ಬೇರೆ ಸಂಗತಿಗಳು.

ತಪ್ಪು ತಿಳಿವಳಿಕೆ 2: ವಯಸ್ಸಾದವರ ಮೂಳೆ ಕೂಡುವುದಿಲ್ಲ

37 ಎನ್ನುವುದು ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಮುಪ್ಪು, ಮೂಳೆಗೆ ಮುಪ್ಪಲ್ಲ. ಆರೋಗ್ಯವಂತ ಗಂಡಸಿನ ಮೂಳೆ ಈ ವಯಸ್ಸಿನಲ್ಲಿ ಚೆನ್ನಾಗಿಯೇ ಕೂಡುತ್ತದೆ. ಹಿರಿಯ ಆಟಗಾರರಿಗೆ ತೊಡಕಾಗುವುದು ಬೇರೆ ಕಾರಣಗಳಿಂದ. ಸ್ನಾಯುರಜ್ಜುಗಳು ವರ್ಷಗಳ ದುಡಿತದಿಂದ ಸವೆದಿರುತ್ತವೆ. ಪಂದ್ಯದ ಮರುದಿನ ದೇಹ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ಎಲ್ಲಕ್ಕಿಂತ ದೊಡ್ಡದು ಹಳೆಯ ಗಾಯಗಳ ಪಟ್ಟಿ. ಮುಂದೆ ಯಾರಿಗೆ ಗಾಯವಾಗಬಹುದು ಎಂದು ಊಹಿಸಲು ಕ್ರೀಡಾ ವೈದ್ಯರು ಮೊದಲು ನೋಡುವುದು ಹಿಂದೆ ಯಾವ ಗಾಯವಾಗಿತ್ತು ಎಂಬುದನ್ನೇ.

ಜಿನೋಬಿಲಿಯ ಪಟ್ಟಿಯಲ್ಲಿ ಇದಕ್ಕೆ ಉದಾಹರಣೆ ಇದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅರ್ಜೆಂಟೀನಾ ಅಮೆರಿಕವನ್ನು ಸೆಮಿಫೈನಲ್‌ನಲ್ಲಿ 89-81ರಿಂದ ಸೋಲಿಸಿ, ಮುಂದೆ ಚಿನ್ನವನ್ನೂ ಗೆದ್ದಿತ್ತು. ಆ ಗೆಲುವಿನ ನಾಯಕ ಅವರೇ. 2008ರಲ್ಲಿ ಎಡಗಾಲಿನ ಪಾದದ ಕೀಲಿಗೆ ಪೆಟ್ಟಾಗಿದ್ದರೂ ಬೀಜಿಂಗ್‌ಗೆ ಹೋದರು. ಸೆಮಿಫೈನಲ್‌ನಲ್ಲಿ ಅದೇ ಕೀಲು ಮತ್ತೆ ಕೈಕೊಟ್ಟಿತು. ಕಂಚಿನ ಪದಕದ ಪಂದ್ಯವನ್ನು ತಂಡ ಅವರಿಲ್ಲದೆಯೇ ಗೆದ್ದಿತು. ಸೆಪ್ಟೆಂಬರ್‌ನಲ್ಲಿ ಶಸ್ತ್ರಚಿಕಿತ್ಸೆಯಾಯಿತು, ಕ್ಲಬ್ಬಿನ ಋತುವಿನ ಆರಂಭ ತಪ್ಪಿತು. 2009ರ ಏಪ್ರಿಲ್‌ನಲ್ಲಿ ಬಲಗಾಲಿನ ಫಿಬ್ಯುಲಾ ಬಿರುಕು ಬಿಟ್ಟು ಆ ಋತುವೇ ಮುಗಿಯಿತು. 82 ಪಂದ್ಯಗಳಲ್ಲಿ ಆಡಿದ್ದು 44. ಐದು ವರ್ಷಗಳ ಬಳಿಕ ಮತ್ತೆ ಬಿರುಕು ಬಿಟ್ಟದ್ದು ಅದೇ ಮೂಳೆ. ಕ್ಲಬ್ಬು ಹೆದರಿದ್ದಕ್ಕೆ ಕಾರಣ ಇಲ್ಲದಿರಲಿಲ್ಲ.

ತಪ್ಪು ತಿಳಿವಳಿಕೆ 3: ನಿಜವಾದ ದೇಶಪ್ರೇಮಿ ನೋವು ನುಂಗಿ ಆಡುತ್ತಾನೆ

ಈ ಮಾತಿಗೆ ಎದುರಾಗಿ ಚೀನಾದ ಯಾವೊ ಮಿಂಗ್ ನೆನಪಾಗುತ್ತಾರೆ. ಅವರ ಎತ್ತರ 2.29 ಮೀಟರ್. ಹ್ಯೂಸ್ಟನ್ ರಾಕೆಟ್ಸ್ ತಂಡದ ಈ ಆಟಗಾರನ ಎಡಪಾದದಲ್ಲಿ 2008ರ ಫೆಬ್ರವರಿಯಲ್ಲಿ ಸ್ಟ್ರೆಸ್ ಫ್ರಾಕ್ಚರ್ ಕಾಣಿಸಿತು. ಮಾರ್ಚ್‌ನಲ್ಲಿ ಶಸ್ತ್ರಚಿಕಿತ್ಸೆ. ಆಗಸ್ಟ್‌ನಲ್ಲಿ ಒಲಿಂಪಿಕ್ಸ್ ಇದ್ದದ್ದು ಅವರದೇ ದೇಶದ ಬೀಜಿಂಗ್‌ನಲ್ಲಿ. ಅವರು ಧ್ವಜ ಹಿಡಿದು ನಡೆದರು, ಆಡಿದರು. ಕೋಟ್ಯಂತರ ಜನ ಕಾಯುತ್ತಿರುವಾಗ ಬೇಡವೆನ್ನುವುದು ಯಾರಿಗಾದರೂ ಕಷ್ಟವೇ. 2009ರ ಮೇ ತಿಂಗಳಲ್ಲಿ ಎಡಪಾದ ಮತ್ತೆ ಬಿರುಕು ಬಿಟ್ಟಿತು. ಮುಂದಿನ ಇಡೀ ಋತು ಹೋಯಿತು. 2011ರ ಜುಲೈನಲ್ಲಿ, 30ರ ಹರೆಯದಲ್ಲಿ, ನಿವೃತ್ತಿ ಘೋಷಿಸಿದರು. ಬೀಜಿಂಗ್ ಒಂದರಿಂದಲೇ ಹೀಗಾಯಿತು ಎನ್ನಲಾಗದು. ಅಷ್ಟು ಎತ್ತರದ ದೇಹದ ಭಾರ ಆ ಪಾದಗಳ ಮೇಲೆ ವರ್ಷಗಟ್ಟಲೆ ಬಿದ್ದಿತ್ತು. ಆದರೆ ಅವರ ಪಾದಗಳಿಗೆ ಬೇಸಿಗೆಯ ಬಿಡುವೇ ಸಿಗುತ್ತಿರಲಿಲ್ಲ ಎಂಬುದಂತೂ ನಿಜ. ಕ್ಲಬ್ಬಿನ ಋತು ಮುಗಿದರೆ ದೇಶದ ಶಿಬಿರ, ಅದು ಮುಗಿದರೆ ಮತ್ತೆ ಕ್ಲಬ್ಬು.

ನಮಗೆ ಹತ್ತಿರದ ಉದಾಹರಣೆಯೂ ಇದೆ. ವೇಗದ ಬೌಲರ್ ಜಸ್‌ಪ್ರೀತ್ ಬೂಮ್ರಾಗೆ 2019ರಲ್ಲಿ ಬೆನ್ನಿನ ಕೆಳಭಾಗದ ಮೂಳೆಯಲ್ಲಿ ಇದೇ ಬಗೆಯ ಬಿರುಕು ಬಂದಿತ್ತು. ಬೆನ್ನಿನ ತೊಂದರೆಯಿಂದಲೇ 2022ರ ಟಿ20 ವಿಶ್ವಕಪ್ ತಪ್ಪಿತು, 2023ರ ಐಪಿಎಲ್ ಕೂಡ ತಪ್ಪಿತು. ಆಗ ಭಾರತದ ಕ್ರಿಕೆಟಿಗರು ಇಂಥ ಗಾಯದಿಂದ ಚೇತರಿಸಿಕೊಳ್ಳಲು ಬರುತ್ತಿದ್ದದ್ದು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಗೆ. ದೇಶಕ್ಕಾಗಲಿ, ಕ್ಲಬ್ಬಿಗಾಗಲಿ, ಬಿರುಕು ಬಿಟ್ಟ ಮೂಳೆ ಕೇಳುವುದು ಒಂದೇ: ಸಮಯ.

ಹಾಗಾದರೆ ಯಾರು ತೀರ್ಮಾನಿಸಬೇಕು?

ಎನ್‌ಬಿಎ ಮತ್ತು ಅಂತಾರಾಷ್ಟ್ರೀಯ ಒಕ್ಕೂಟ ಫಿಬಾ ನಡುವಿನ ಒಪ್ಪಂದದ ಪ್ರಕಾರ, ಆರೋಗ್ಯವಂತ ಆಟಗಾರ ದೇಶಕ್ಕೆ ಆಡುವುದನ್ನು ಕ್ಲಬ್ಬು ಸುಮ್ಮನೆ ತಡೆಯುವಂತಿಲ್ಲ. ಈಗಾಗಲೇ ಗಾಯವಿದ್ದರೆ ತಡೆಯಬಹುದು. ಸ್ಪರ್ಸ್ ಬಳಸಿಕೊಂಡದ್ದು ಇದನ್ನೇ. ಕ್ಲಬ್ಬಿನ ಭಯ ಹುಸಿಯಲ್ಲ ಎಂಬುದು ಕೆಲವೇ ದಿನಗಳಲ್ಲಿ ಕಂಡಿತು. 2014ರ ಆಗಸ್ಟ್ 1ರಂದು ಲಾಸ್ ವೇಗಸ್‌ನಲ್ಲಿ ಅಮೆರಿಕ ತಂಡದ ಅಭ್ಯಾಸ ಪಂದ್ಯದಲ್ಲಿ ಪಾಲ್ ಜಾರ್ಜ್ ಅವರ ಬಲಗಾಲು ಮುರಿಯಿತು. ಅವರ ಕ್ಲಬ್ಬು ಇಂಡಿಯಾನಾ ಪೇಸರ್ಸ್‌ಗೆ ಮುಂದಿನ ಋತುವಿನಲ್ಲಿ ಅವರು ಆಡಿದ್ದು ಬರೀ 6 ಪಂದ್ಯ.

ಹಾಗೆಂದು ಕ್ಲಬ್ಬು ಹೇಳಿದ್ದೆಲ್ಲ ವಿಜ್ಞಾನವಲ್ಲ. ಕ್ಲಬ್ಬಿನ ವೈದ್ಯರಿಗೆ ಸಂಬಳ ಕೊಡುವುದು ಕ್ಲಬ್ಬು, ದೇಶದ ತಂಡದ ವೈದ್ಯರನ್ನು ನೇಮಿಸುವುದು ಒಕ್ಕೂಟ. ಅದಕ್ಕೇ ಕ್ರೀಡಾ ವೈದ್ಯಶಾಸ್ತ್ರ ಪ್ರಶ್ನೆಯನ್ನು ಮೂರಾಗಿ ಒಡೆಯುತ್ತದೆ. ಗಾಯ ಎಷ್ಟು ಕೂಡಿದೆ? ಮುಂದಿನ ಆಟ ಆ ಜಾಗದ ಮೇಲೆ ಎಷ್ಟು ಭಾರ ಹಾಕುತ್ತದೆ? ಉಳಿದ ಅಪಾಯವನ್ನು ಹೊರಲು ಆಟಗಾರ ಸಿದ್ಧನೇ? ಮೊದಲ ಎರಡಕ್ಕೆ ವೈದ್ಯರು ಉತ್ತರಿಸಬಹುದು. ಮೂರನೆಯದು ಬದುಕಿನ ಪ್ರಶ್ನೆ. 22ರ ಹುಡುಗನಿಗೆ ಇನ್ನೊಂದು ವಿಶ್ವಕಪ್ ಇದೆ, 37ರವರಿಗೆ ಬಹುಶಃ ಇಲ್ಲ. ಕೊನೆಯ ಅವಕಾಶಕ್ಕಾಗಿ ಹೆಚ್ಚು ಅಪಾಯ ತೆಗೆದುಕೊಳ್ಳುವುದು ಮೂರ್ಖತನವಲ್ಲ. ಆದರೆ ಆ ಅಪಾಯದ ನಷ್ಟದಲ್ಲಿ ಕ್ಲಬ್ಬಿಗೂ ಪಾಲಿರುವಾಗ ತೀರ್ಮಾನ ಆಟಗಾರನೊಬ್ಬನದೇ ಆಗಿ ಉಳಿಯುವುದಿಲ್ಲ. ಜಿನೋಬಿಲಿಯ ನೋವು ಇದ್ದದ್ದು ಇಲ್ಲೇ.

ಆ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ 16ರ ಘಟ್ಟದಲ್ಲಿ ಬ್ರೆಜಿಲ್‌ಗೆ ಸೋತಿತು. ಜಿನೋಬಿಲಿ ಕ್ಲಬ್ಬಿಗೆ ಮರಳಿದರು. 2016ರಲ್ಲಿ, 39ನೇ ವಯಸ್ಸಿನಲ್ಲಿ, ರಿಯೊ ಒಲಿಂಪಿಕ್ಸ್‌ನಲ್ಲಿ ದೇಶದ ಅಂಗಿಯನ್ನು ಮತ್ತೆ ತೊಟ್ಟು, ಅಲ್ಲೇ ದೇಶದ ತಂಡಕ್ಕೆ ವಿದಾಯ ಹೇಳಿದರು. ಕ್ಲಬ್ಬಿನಲ್ಲಿ ಆಡಿದ್ದು 2018ರವರೆಗೆ. ಆ ಬೇಸಿಗೆ ಬಿಟ್ಟುಕೊಟ್ಟದ್ದರಿಂದಲೇ ರಿಯೊ ಸಿಕ್ಕಿತು ಎಂದು ಸಾಧಿಸಲಾಗದು. ವಿಶ್ರಾಂತಿ ಪಡೆದ ಕಾಲು ಅವರನ್ನು ಅಲ್ಲಿಯವರೆಗೆ ಹೊತ್ತೊಯ್ದಿತು ಎಂಬುದಷ್ಟು ಖಚಿತ.

ನಮ್ಮಲ್ಲಿ ಹೆಚ್ಚಿನವರು ವಿಶ್ವಕಪ್ ಆಡುವುದಿಲ್ಲ. ಆದರೆ ಮ್ಯಾರಥಾನ್‌ಗೆ ಹೆಸರು ಕೊಟ್ಟು ಏಕಾಏಕಿ ಓಟ ಹೆಚ್ಚಿಸುವವರು, ಪೊಲೀಸ್ ದೈಹಿಕ ಪರೀಕ್ಷೆಗೆ ತಯಾರಾಗುವ ಹುಡುಗ ಹುಡುಗಿಯರು ಇದೇ ಬಿರುಕಿಗೆ ಸಿಗುತ್ತಾರೆ. ಮೂಳೆಯ ಒಂದೇ ಜಾಗ ಒತ್ತಿದರೆ ನೋಯುತ್ತಿದ್ದರೆ, ಓಡಿದಾಗ ಆ ನೋವು ಹೆಚ್ಚಿ ನಿಂತಾಗ ಇಳಿಯುತ್ತಿದ್ದರೆ, ಮುಲಾಮು ಹಚ್ಚಿ ಮುಂದುವರಿಸಬೇಡಿ. ಓಟ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ಎಕ್ಸ್-ರೇಯಲ್ಲಿ ಏನೂ ಇಲ್ಲವೆಂದರೂ ನೋವು ಉಳಿದಿದ್ದರೆ ಮತ್ತೆ ಹೋಗಿ ಕೇಳಿ. ಎರಡು ತಿಂಗಳು ಕೂರುವುದು ಕಷ್ಟ ನಿಜ. ಕೂರದಿದ್ದರೆ ಕಳೆದುಕೊಳ್ಳುವುದು ಒಂದು ಇಡೀ ವರ್ಷವಾಗಬಹುದು.