ಸಮುದ್ರದ ಮೇಲಿನ ಎಣ್ಣೆಯ ಲೆಕ್ಕ

ನಲ್ಲಿ ನೀರು ನಿಂತರೆ ಮನೆಯವರಿಗೆ ಒಡನೆ ತಿಳಿಯುತ್ತದೆ. ದೇಶಕ್ಕೆ ಬರುವ ತೈಲ ನಿಂತರೆ ಹಾಗಲ್ಲ. 1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ಅಮೆರಿಕ, ನೆದರ್ಲೆಂಡ್ಸ್‌ಗಳಿಗೆ ತೈಲ ಕೊಡುವುದಿಲ್ಲವೆಂದು ಸಾರಿದಾಗ, ಅದಕ್ಕೆ ಮೊದಲೇ ತುಂಬಿ ಹೊರಟ ಟ್ಯಾಂಕರ್ ಹಡಗುಗಳು ಇನ್ನೂ ಸಮುದ್ರದ ಮೇಲಿದ್ದವು. 1967ರಿಂದ ಸುಯೆಜ್ ಕಾಲುವೆ ಮುಚ್ಚಿದ್ದರಿಂದ ಅವು ಆಫ್ರಿಕವನ್ನು ಸುತ್ತಿ ಬರಬೇಕಿತ್ತು. ಹೀಗೆ ಸಿಕ್ಕ ಕೆಲವೇ ವಾರಗಳ ಬಿಡುವನ್ನು ಡಚ್ಚರು ವ್ಯರ್ಥ ಮಾಡಲಿಲ್ಲ. ನವೆಂಬರ್ 4ರಿಂದಲೇ ಅಲ್ಲಿ ಕಾರಿಲ್ಲದ ಭಾನುವಾರಗಳು ಶುರುವಾದವು.

ಕೊನೆಯ ಹಡಗು ಎಂದು ಬರುತ್ತದೆ? ಮುಂದಿನದು ಯಾವಾಗ? ಅಲ್ಲಿಯವರೆಗೆ ದಾಸ್ತಾನಿನಿಂದ ದಿನಕ್ಕೆ ಎಷ್ಟು ತೆಗೆಯಬಹುದು? ತುರ್ತು ಯೋಜನೆ ಮಾಡುವವರಿಗೆ ಬೇಕಾದ ಉತ್ತರಗಳಿವು. ನಿಜವಾದ ಹಡಗುಗಳನ್ನು ತಡೆದು ಪರೀಕ್ಷಿಸಲು ಆಗದು. ಆದ್ದರಿಂದ ಕಂಪ್ಯೂಟರಿನಲ್ಲಿ ಅಂಕಿಗಳ ಹಡಗುಗಳನ್ನು ಓಡಿಸಿ ನೋಡುತ್ತಾರೆ. ಇದಕ್ಕೆ ಸಿಮ್ಯುಲೇಷನ್ ಎಂದು ಹೆಸರು.

ಇದರ ತಿರುಳನ್ನು ಹೈಸ್ಕೂಲು ವಿದ್ಯಾರ್ಥಿಯೂ ಕಾಗದದ ಮೇಲೆ ಮಾಡಬಹುದು. ಒಂದು ಬಂದರಿಗೆ ದಿನಕ್ಕೆ 1 ಲಕ್ಷ ಬ್ಯಾರೆಲ್ ಬೇಕು, ಒಂದು ಹಡಗು 10 ಲಕ್ಷ ಬ್ಯಾರೆಲ್ ಹೊರುತ್ತದೆ ಎನ್ನೋಣ. ಅಂದರೆ 10 ದಿನಕ್ಕೊಂದು ಹಡಗು ಬರಬೇಕು. ಸೌದಿ ಅರೇಬಿಯದ ರಾಸ್ ತನೂರದಿಂದ ರಾಟರ್‌ಡ್ಯಾಮ್‌ಗೆ ಸುಯೆಜ್ ಮೂಲಕ ಸುಮಾರು 6,400 ನಾಟಿಕಲ್ ಮೈಲಿ. ಆಫ್ರಿಕ ಸುತ್ತಿದರೆ ಸುಮಾರು 11,200. ಹಡಗು ಗಂಟೆಗೆ 14 ನಾಟಿಕಲ್ ಮೈಲಿ ಸಾಗಿದರೆ ಮೊದಲನೆಯದಕ್ಕೆ 19 ದಿನ, ಎರಡನೆಯದಕ್ಕೆ 33 ದಿನ. ತುಂಬಲು, ಇಳಿಸಲು 4 ದಿನ ಸೇರಿಸಿ, ಹೋಗಿ ಬರುವ ಒಂದು ಸುತ್ತಿಗೆ 42 ದಿನ ಅಥವಾ 70 ದಿನ. ಮೊದಲ ದಾರಿಗೆ 5 ಹಡಗು ಸಾಕು. ಎರಡನೆಯದಕ್ಕೆ 7 ಬೇಕು. ಒಂದು ಹಡಗೂ ಮುಳುಗಲಿಲ್ಲ, ಒಂದು ಬಾವಿಯೂ ಬತ್ತಲಿಲ್ಲ, ಆದರೂ ಹಡಗುಗಳು ಸಾಲವು! ಜೊತೆಗೆ, ದಾರಿ ಬದಲಾದ ಮೊದಲ ಹಡಗು 14 ದಿನ ತಡವಾಗಿ ಬರುತ್ತದೆ. ಆ ಅವಧಿಗೆ ಬೇಕಾದ 14 ಲಕ್ಷ ಬ್ಯಾರೆಲ್ ದಾಸ್ತಾನಿನಿಂದಲೇ ಬರಬೇಕು.

ಕಂಪ್ಯೂಟರು ಇದೇ ಲೆಕ್ಕವನ್ನು ನೂರಾರು ಹಡಗುಗಳಿಗೆ ಮಾಡುತ್ತದೆ. ಬಿರುಗಾಳಿ, ಯಂತ್ರದ ಕೆಡುಕು, ಬಂದರಿನಲ್ಲಿ ಸರದಿ ಕಾಯುವಿಕೆ ಇವನ್ನು ದಾಳ ಉರುಳಿಸಿದಂತೆ ಸೇರಿಸಿ ಸಾವಿರಾರು ಸಲ ಓಡಿಸುತ್ತದೆ. ಸಿಗುವುದು ಒಂದೇ ಉತ್ತರವಲ್ಲ. ಕೊರತೆ ಎಷ್ಟು ಸಲ ಬಂತು, ಎಷ್ಟು ದಿನ ಉಳಿಯಿತು ಎಂಬ ಅಂದಾಜು. ಕೊಟ್ಟ ಅಂಕಿ ತಪ್ಪಾದರೆ ಫಲವೂ ತಪ್ಪು ಎಂಬುದನ್ನು ಮರೆಯಬಾರದು.

1974ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಇಂಧನ ಸಂಸ್ಥೆ, ತೈಲವನ್ನು ಆಮದು ಮಾಡಿಕೊಳ್ಳುವ ತನ್ನ ಸದಸ್ಯ ದೇಶಗಳು ನಿವ್ವಳ ಆಮದಿನ 90 ದಿನಗಳಷ್ಟು ತೈಲವನ್ನು ದಾಸ್ತಾನು ಇಡಬೇಕೆಂದು ವಿಧಿಸಿದೆ. ಭಾರತವೂ ವಿಶಾಖಪಟ್ಟಣ, ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು ನೆಲದಡಿಯ ಉಗ್ರಾಣಗಳನ್ನು ಮಾಡಿದೆ. ಮಂಗಳೂರಿನದು 15 ಲಕ್ಷ ಟನ್, ಪಾದೂರಿನದು 25 ಲಕ್ಷ ಟನ್ ಹಿಡಿಯಬಲ್ಲವು. ಮೂರೂ ತುಂಬಿದ್ದರೆ, 2019-20ರ ಬಳಕೆಯ ಲೆಕ್ಕದಲ್ಲಿ, ದೇಶಕ್ಕೆ ಸುಮಾರು 9.5 ದಿನ ಸಾಕಾಗುವಷ್ಟು ಕಚ್ಚಾತೈಲ. ತೈಲ ಕಂಪನಿಗಳ ದಾಸ್ತಾನು ಬೇರೆ.

ಪರ್ಷಿಯನ್ ಕೊಲ್ಲಿಯಿಂದ ಮಂಗಳೂರಿಗೆ ಟ್ಯಾಂಕರಿಗೆ ಒಂದು ವಾರವೂ ಬೇಡ. ಹತ್ತಿರವಿರುವುದು ಅನುಕೂಲವೇ. ಆದರೆ ಆ ದಾರಿ ಕಡಿದರೆ ಸಮುದ್ರದ ಮೇಲೆ ಉಳಿಯುವ ಎಣ್ಣೆಯೂ ಅಷ್ಟೇ ದಿನದ್ದು. 1973ರಲ್ಲಿ ರಾಟರ್‌ಡ್ಯಾಮ್‌ಗೆ ಸಿಕ್ಕ ವಾರಗಳ ಬಿಡುವು ಇಲ್ಲಿ ಸಿಗದು. ಲೆಕ್ಕವನ್ನು ಮೊದಲೇ ಮಾಡಿಟ್ಟುಕೊಳ್ಳಬೇಕಾದುದು ಅದಕ್ಕೇ.