ಅಬ್ರಹಾಮನ ಸಂತತಿ

ಸಂತಾನವೃದ್ಧಿಯನ್ನು ದೈವಾನುಗ್ರಹದ ಮೊದಲ ಕುರುಹೆಂದು ಎಣಿಸುವುದು ಪ್ರಾಚೀನ ಜನಾಂಗಗಳಲ್ಲಿ ಸಾಮಾನ್ಯವಾಗಿದ್ದ ಭಾವನೆ. ಕುರಿಹಿಂಡುಗಳೊಡನೆ ಮೇವು ನೀರುಗಳನ್ನರಸಿ ಅಲೆಯುತ್ತಿದ್ದ ಕುಲಗಳಿಗಂತೂ ಮಕ್ಕಳೇ ಬಲ, ಮಕ್ಕಳೇ ಆಸ್ತಿ, ಸತ್ತ ಮೇಲೆ ಉಳಿಯುವ ಹೆಸರೂ ಮಕ್ಕಳೇ. ಆದುದರಿಂದ ಆಕಾಶದ ನಕ್ಷತ್ರಗಳಷ್ಟು, ಕಡಲತೀರದ ಮರಳಿನಷ್ಟು ಸಂತತಿಯನ್ನು ಕೊಡುವೆನೆಂದು ದೇವರು ಅಬ್ರಹಾಮನಿಗೆ ವಾಗ್ದಾನ ಮಾಡಿದನೆಂದು ಆದಿಕಾಂಡದಲ್ಲಿ ಓದುವಾಗ ಮೇಲ್ನೋಟಕ್ಕೆ ಅದರಲ್ಲಿ ವಿಶೇಷವೇನೂ ತೋರದು. ವಿಶೇಷವಿರುವುದು ಆ ಮಾತನ್ನು ಕೇಳಿದವನ ಸ್ಥಿತಿಯಲ್ಲಿ. 75ನೆಯ ವಯಸ್ಸಿನಲ್ಲಿ ಖಾರಾನ್ ಪಟ್ಟಣವನ್ನು ಬಿಟ್ಟು ಹೊರಟ ಆತನಿಗೆ ಮಕ್ಕಳಿರಲಿಲ್ಲ. ದಮಸ್ಕದ ಎಲೀಯೆಜರನೇ ತನ್ನ ಸೊತ್ತಿಗೆ ಬಾಧ್ಯನಾಗುವನಲ್ಲಾ ಎಂದು ದೇವರೆದುರಿಗೇ ಅಳಲಿಕೊಂಡವನು ಆತನು. ಮಗನಾದ ಇಸಾಕನು ಹುಟ್ಟುವ ಹೊತ್ತಿಗೆ ಆತನಿಗೆ 100 ವರ್ಷ, ಪತ್ನಿಯಾದ ಸಾರಳಿಗೆ ಸುಮಾರು 90.

ಆ ವಾಗ್ದಾನವು ಒಡಂಬಡಿಕೆಯ ರೂಪ ತಾಳಿದ ರಾತ್ರಿಯ ಸಂಗತಿಯೇ ಈ ವಿಚಾರಕ್ಕೆಲ್ಲ ಮೂಲಾಧಾರವೆಂದು ನನ್ನ ಅಭಿಪ್ರಾಯ. ಮೂರು ವರ್ಷದ ಕಡಸು, ಆಡು, ಟಗರುಗಳನ್ನು ನಡುವೆ ಕಡಿದು, ಹೋಳುಗಳನ್ನು ಎದುರುಬದುರಾಗಿ ಇರಿಸಿ, ಮಾಂಸದ ಮೇಲೆರಗುತ್ತಿದ್ದ ಹದ್ದುಗಳನ್ನು ಅಬ್ರಹಾಮನು (ಆಗಿನ್ನೂ ಅಬ್ರಾಮನೆಂದೇ ಆತನ ಹೆಸರು) ಓಡಿಸುತ್ತಿದ್ದನು. ಇಂತಹ ಹೋಳುಗಳ ನಡುವೆ ಹಾದುಹೋದವನು, ಮಾತಿಗೆ ತಪ್ಪಿದರೆ ತನಗೂ ಆ ಪಶುವಿನ ಗತಿಯೇ ಬರಲಿ ಎಂದು ಒಪ್ಪಿಕೊಂಡಂತೆ. ಯೆರೆಮೀಯನ ಗ್ರಂಥದ 34ನೆಯ ಅಧ್ಯಾಯವನ್ನು ನೋಡಿದವರಿಗೆ ಇದು ಸ್ಪಷ್ಟವಾದೀತು. ಆದರೆ ಆ ರಾತ್ರಿ ಹೋಳುಗಳ ನಡುವೆ ಸಾಗಿದುವು ಹೊಗೆಯಾಡುವ ಒಲೆಯೂ ಉರಿಯುವ ಪಂಜೂ ಮಾತ್ರ. ಅಬ್ರಹಾಮನಿಗೆ ಗಾಢನಿದ್ರೆ ಕವಿದಿತ್ತು. ಎಂದರೆ, ಕರಾರಿನ ಹೊಣೆಯನ್ನು ದೇವರೊಬ್ಬನೇ ಹೊತ್ತನು. ಸಂತತಿಯು ಪುಣ್ಯಕ್ಕೆ ಸಂದ ಸಂಬಳವಾಗದೆ ದಾನವಾದುದು ಹೀಗೆ.

ಈ ಮಾತು ನೆರವೇರುವವರೆಗೆ ಕಾಯಲಾರದೆ ದಾಸಿಯಾದ ಹಾಗರಳ ಮೂಲಕ ಮಗನನ್ನು ಪಡೆದುದು, ಅದರಿಂದ ಆ ಹೆಣ್ಣಿಗಾದ ಅನ್ಯಾಯ, ಇವು ಬೇರೆ ಪ್ರಬಂಧಕ್ಕೆ ತಕ್ಕ ವಿಷಯಗಳು. ಆ ಮಗನಾದ ಇಷ್ಮಾಯೇಲನನ್ನೂ ದೇವರು ಮಹಾಜನಾಂಗವಾಗುವಂತೆ ಹರಸಿದನೆಂಬುದನ್ನು ಮಾತ್ರ ಕ್ರೈಸ್ತರು ಮರೆಯಬಾರದು.

ಹಾಗಾದರೆ ಅಬ್ರಹಾಮನ ಸಂತತಿಯೆನಿಸುವವರು ಯಾರು? ಸುನ್ನತಿಯ ಕಟ್ಟಳೆ ಬರುವುದು ಆದಿಕಾಂಡದ 17ನೆಯ ಅಧ್ಯಾಯದಲ್ಲಿ. ಅಬ್ರಹಾಮನ ನಂಬಿಕೆಯನ್ನು ದೇವರು ನೀತಿಯೆಂದೆಣಿಸಿದುದು 15ನೆಯದರಲ್ಲಿ. ಈ ಪೌರ್ವಾಪರ್ಯವನ್ನು ಹಿಡಿದೇ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ, ಸುನ್ನತಿಯಿಲ್ಲದ ಅನ್ಯಜನರಿಗೂ ಅಬ್ರಹಾಮನೇ ತಂದೆಯೆಂದು ವಾದಿಸಿದನು. ರಕ್ತಸಂಬಂಧವನ್ನು ನೆಚ್ಚಿ ಬಂದವರಿಗೆ ಸ್ನಾನಿಕನಾದ ಯೋಹಾನನು, ದೇವರು ಈ ಕಲ್ಲುಗಳಿಂದಲೇ ಅಬ್ರಹಾಮನಿಗೆ ಮಕ್ಕಳನ್ನು ಹುಟ್ಟಿಸಬಲ್ಲನೆಂದು ಯೊರ್ದನಿನ ದಡದಲ್ಲಿ ಗದರಿಸಿದುದೂ ಇದೇ ಅರ್ಥದಲ್ಲಿಯೇ. ಆದರೆ ಹೊರಗಿನಿಂದ ಬಂದು ಸೇರಿದವರು ಮನೆಯವರನ್ನು ಹೊರಡಿಸಲು ಇದನ್ನೇ ಆಧಾರವಾಗಿ ಮಾಡಿಕೊಳ್ಳುವಂತಿಲ್ಲ: ಕಸಿಕಟ್ಟಿದ ಕಾಡೆಣ್ಣೇಮರದ ಕೊಂಬೆಯು ಬೇರನ್ನು ಹೊರುವುದಿಲ್ಲ, ಬೇರೇ ಅದನ್ನು ಹೊರುತ್ತದೆಂದು ಅದೇ ಪೌಲನು ಎಚ್ಚರಿಸಿದನು. ಯೆಹೂದ್ಯರನ್ನು ತುಚ್ಛೀಕರಿಸಿದ ಶತಮಾನಗಳುದ್ದಕ್ಕೂ ಯೂರೋಪಿನ ಸಭೆಗಳು ಈ ಎಚ್ಚರಿಕೆಯನ್ನು ಓದಿಯೂ ಓದದವರಂತೆ ನಡೆದುಕೊಂಡುವು.

ಜನಸಂಖ್ಯೆಯನ್ನೇ ಅನುಗ್ರಹದ ಅಳತೆಗೋಲನ್ನಾಗಿ ಮಾಡಿಕೊಂಡು, ಸಭೆ ಬೆಳೆದಲ್ಲಿ ದೇವರು ಒಲಿದನೆಂದೂ ಕುಗ್ಗಿದಲ್ಲಿ ಮುನಿದನೆಂದೂ ಲೆಕ್ಕ ಹಾಕುವ ಅಭ್ಯಾಸಕ್ಕೂ ಈ ಒಡಂಬಡಿಕೆಯಲ್ಲಿ ಎಡೆಯಿಲ್ಲ. ಇಸ್ರಾಯೇಲ್ಯರನ್ನು ಆರಿಸಿಕೊಂಡುದು ಅವರು ಬಹುಜನರಾಗಿದ್ದರೆಂಬ ಕಾರಣಕ್ಕಲ್ಲ, ಅವರು ಎಲ್ಲ ಜನಾಂಗಗಳಿಗಿಂತ ಕಡಿಮೆಯಾಗಿದ್ದರೆಂದು ಧರ್ಮೋಪದೇಶಕಾಂಡವೇ ಹೇಳುತ್ತದೆ. ದಾವೀದನು ತನ್ನ ಪ್ರಜೆಗಳ ಖಾನೇಷುಮಾರಿ ಮಾಡಿಸಿದುದು ಪಾಪವೆಂದೇ ಗಣಿತವಾಯಿತು.

ಇನ್ನು ಮಕ್ಕಳಿಲ್ಲದ ದಂಪತಿಗಳ ಮಾತು. ನಮ್ಮ ನಾಡಿನ ಕ್ರೈಸ್ತಕುಟುಂಬಗಳಲ್ಲಿಯೂ ಬಂಜೆತನವನ್ನು ಶಾಪವೆಂದು ಪಿಸುಗುಡುವವರು, ಮದುವೆ ಸೀಮಂತಗಳಲ್ಲಿ ಅಂತಹ ಸೊಸೆಯನ್ನು ಹಿಂದಕ್ಕೆ ಸರಿಸುವವರು ಇಲ್ಲದಿಲ್ಲ. ಆದರೆ ಯಾರ ಮೂಲಕ ಈ ವಾಗ್ದಾನ ನೆರವೇರಿತೆಂದು ಕ್ರೈಸ್ತರು ನಂಬುತ್ತಾರೋ ಆ ಯೇಸುವಿಗೆ ಪತ್ನಿಯೂ ಇರಲಿಲ್ಲ, ಪುತ್ರರೂ ಇರಲಿಲ್ಲ. ನಪುಂಸಕರಿಗೆ ಗಂಡು ಹೆಣ್ಣು ಮಕ್ಕಳಿಗಿಂತ ಶ್ರೇಷ್ಠವಾದ ಹೆಸರನ್ನು ತನ್ನ ಆಲಯದಲ್ಲಿಯೇ ಕೊಡುವೆನೆಂದು ಯೆಶಾಯನ 56ನೆಯ ಅಧ್ಯಾಯದಲ್ಲಿ ದೇವರ ಮಾತಿದೆ. ಸಭೆಯ ಹಿರಿಯರು ಮುಂದಿನ ವಿವಾಹೋಪದೇಶದಲ್ಲಿ ನಕ್ಷತ್ರಗಳ ಮಾತನ್ನು ಎತ್ತುವುದಾದರೆ, ದಯವಿಟ್ಟು ಆ ಅಧ್ಯಾಯವನ್ನೂ ಜೊತೆಯಲ್ಲಿ ಓದಿಸಲಿ.